ಪಕ್ಕದ ಕುರ್ಚಿಯವರ ಜೊತೆ ನಾಟಕ: ಪರನಾಡಿಗೆ ಹೊಸಬರಾದವರಿಗೆ

ಸಿನಿಮಾ ಮಂದಿರದಲ್ಲಿ ನಾವು ನಕ್ಕರೂ ಅತ್ತರೂ ತೆರೆಯ ಮೇಲಿನವರಿಗೆ ತಿಳಿಯದು. ನಾಟಕದಲ್ಲಿ ಹಾಗಲ್ಲ. ಸಭೆಯ ನಗು ಇಳಿಯುವ ತನಕ ನಟಿ ಮುಂದಿನ ಮಾತನ್ನು ತಡೆದು ಹಿಡಿಯುತ್ತಾಳೆ. ಸಭೆ ಉಸಿರು ಬಿಗಿಹಿಡಿದರೆ ಅವಳ ದನಿಯೂ ತಗ್ಗುತ್ತದೆ. ನಮ್ಮ ಕಾವ್ಯಮೀಮಾಂಸಕರು ನೋಡುವವರನ್ನು 'ಸಹೃದಯ' ಎಂದು ಕರೆದದ್ದು ಸುಮ್ಮನೆ ಅಲ್ಲ. ಹೊಸ ನಾಡಿಗೆ ಬಂದವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಅಪರಿಚಿತರ ಜೊತೆ ಏನು ಮಾತಾಡುವುದು ಎಂಬ ತೊಳಲಾಟ ಮೊದಲ ವರ್ಷವಿಡೀ ಕಾಡುತ್ತದೆ. ಎರಡು ಗಂಟೆ ಕತ್ತಲಲ್ಲಿ ಒಟ್ಟಿಗೆ ಕೂತು ಒಂದೇ ಸಂಗತಿಗೆ ಮಿಡಿದವರು ಹೊರಬಂದ ಮೇಲೆ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ. ಹಾಗಾಗಿ ಯಾರಾದರೂ ಕರೆಯಲಿ ಎಂದು ಕಾಯಬೇಡಿ. ಕರೆದುಕೊಂಡು ಹೋಗುವವರು ನೀವೇ ಆಗಿ.

ಮೊದಲ ಸಲ ನಾಲ್ಕರಿಂದ ಆರು ಜನ ಸಾಕು. ಆರು ದಾಟಿದರೆ ನಾಟಕದ ನಂತರದ ಮಾತು ಎರಡು ಗುಂಪಾಗಿ ಒಡೆಯುತ್ತದೆ. ಹತ್ತು ದಾಟಿದರೆ ಗುಂಪನ್ನು ಸಂಭಾಳಿಸುವುದರಲ್ಲೇ ನಿಮ್ಮ ಸಂಜೆ ಮುಗಿಯುತ್ತದೆ, ನಾಟಕ ನಿಮ್ಮ ಪಾಲಿಗೆ ಉಳಿಯುವುದಿಲ್ಲ. ಎಲ್ಲರೂ ಕನ್ನಡದವರೇ ಆಗಬೇಕಿಲ್ಲ. ಇಬ್ಬರು ನಮ್ಮವರು, ಇಬ್ಬರು ಸಹೋದ್ಯೋಗಿಗಳೋ ನೆರೆಯವರೋ ಇದ್ದರೆ ಒಳ್ಳೆಯದು. ಅಲ್ಲಿನ ಹಾಸ್ಯ, ಅಲ್ಲಿನ ಇತಿಹಾಸದ ಸೂಚನೆಗಳು ನಿಮಗೆ ದಕ್ಕದೇ ಹೋದಾಗ ಅವರು ಬಿಡಿಸಿ ಹೇಳುತ್ತಾರೆ. ಕೇಳಿಸಿಕೊಳ್ಳುವ ನಿಮಗಷ್ಟೇ ಅಲ್ಲ, ಹೇಳುವ ಅವರಿಗೂ ಅದು ಸಂತೋಷವೇ.

ಯಾವ ನಾಟಕ, ಯಾವ ದಿನ

ಹೆಚ್ಚು ಎಡವುವುದು ಇಲ್ಲಿಯೇ. ಹೆಸರಾಂತ ಕೃತಿ ಎಂಬ ಒಂದೇ ಕಾರಣಕ್ಕೆ ಮೂರು ಗಂಟೆಯ, ಹಳೆಯ ಭಾಷೆಯ ನಾಟಕಕ್ಕೆ ಹೊಸಬರನ್ನು ಕರೆದೊಯ್ದರೆ ಅರ್ಧಕ್ಕೇ ಅವರ ಕಿವಿ ದಣಿಯುತ್ತದೆ. 'ನಾಟಕ ನನಗಲ್ಲ' ಎಂದು ಅವರು ತೀರ್ಮಾನಿಸಿಬಿಟ್ಟರೆ ಮತ್ತೆ ಕರೆತರುವುದು ಕಷ್ಟ. ಮೊದಲ ಸಲಕ್ಕೆ 80ರಿಂದ 100 ನಿಮಿಷದ, ಇಂದಿನ ಆಡುಮಾತಿನ, ನಾಲ್ಕೈದು ಪಾತ್ರಗಳ ನಾಟಕ ಹುಡುಕಿ. ಗುಂಪಿನಲ್ಲಿ ಆ ನಾಡಿನ ಭಾಷೆ ಬಾರದವರಿದ್ದರೆ ದೇಹದ ಚಲನೆಯ ಮೇಲೆ ನಿಂತ ಪ್ರಯೋಗ, ನೃತ್ಯನಾಟಕ, ಬೊಂಬೆಯಾಟ, ಇಲ್ಲವೇ ಕಥೆ ಮೊದಲೇ ಗೊತ್ತಿರುವ ನಾಟಕ ಒಳ್ಳೆಯದು. ಸಂಗೀತ ನಾಟಕಗಳ ಬಗ್ಗೆ ಎಚ್ಚರ. ಕಣ್ಣಿಗೆ ಹಬ್ಬವಾದರೂ ಹಾಡಿನೊಳಗೆ ಓಡುವ ಸಾಹಿತ್ಯವನ್ನು ಹಿಡಿಯುವುದು ಮಾತನ್ನು ಹಿಡಿಯುವುದಕ್ಕಿಂತ ಕಷ್ಟ. ಹಾಡುಗಳನ್ನು ಒಮ್ಮೆ ಮೊದಲೇ ಕೇಳಿಕೊಂಡು ಹೋದರೆ ಅರ್ಧ ತೊಂದರೆ ನೀಗುತ್ತದೆ.

ದಿನ ಆರಿಸುವ ಮೊದಲು ಮೂರು ಬಗೆಯ ಪ್ರದರ್ಶನಗಳ ಹೆಸರು ತಿಳಿದಿರಲಿ. ಕ್ಯಾಪ್ಷನ್ಡ್ ಪ್ರದರ್ಶನದಲ್ಲಿ ನಟರ ಮಾತು ರಂಗದ ಪಕ್ಕದ ಫಲಕದಲ್ಲಿ ಅಕ್ಷರವಾಗಿ ಬರುತ್ತದೆ. ಕಿವಿ ಮಂದವಾದವರಿಗಾಗಿ ಮಾಡಿದ ಏರ್ಪಾಡು ಇದು. ಅಲ್ಲಿನ ಉಚ್ಚಾರಣೆಗೆ ಇನ್ನೂ ಒಗ್ಗದ ನಮಗೂ ವರವೇ. ಒಂದು ನಾಟಕದ ಸರಣಿಯಲ್ಲಿ ಇಂಥ ಪ್ರದರ್ಶನ ಸಾಮಾನ್ಯವಾಗಿ ಒಂದೋ ಎರಡೋ ದಿನ ಮಾತ್ರ ಇರುತ್ತದೆ, ಹಾಗಾಗಿ ಮೊದಲು ಆ ದಿನಾಂಕ ನೋಡಿ, ಆಮೇಲೆ ಜನರನ್ನು ಕೂಡಿಸಿ. ಫಲಕ ಯಾವ ಕುರ್ಚಿಗಳಿಂದ ಕಾಣುತ್ತದೆ ಎಂದು ಟಿಕೆಟ್ ಕಚೇರಿಗೆ ಕರೆ ಮಾಡಿ ಕೇಳಿ. ಎದುರು ಬದಿಯ ಕೊನೆಯ ಕುರ್ಚಿಯಲ್ಲಿ ಕೂತರೆ ನಾಟಕ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗಿ ಎರಡೂ ತಪ್ಪುತ್ತವೆ. ಕಣ್ಣಿನ ತೊಂದರೆ ಇರುವವರಿಗೆ ಆಡಿಯೋ ಡಿಸ್ಕ್ರೈಬ್ಡ್ ಪ್ರದರ್ಶನಗಳಿವೆ. ನಡೆಯುತ್ತಿರುವುದನ್ನು ಇಯರ್‌ಫೋನಿನಲ್ಲಿ ಬಣ್ಣಿಸುತ್ತಾರೆ, ಕೆಲವೆಡೆ ನಾಟಕಕ್ಕೆ ಮುಂಚೆ ರಂಗಸಜ್ಜಿಕೆಯನ್ನು ಮುಟ್ಟಿ ನೋಡಲೂ ಬಿಡುತ್ತಾರೆ. ರಿಲ್ಯಾಕ್ಸ್ಡ್ ಪ್ರದರ್ಶನದಲ್ಲಿ ದೀಪ ಪೂರ್ತಿ ಆರುವುದಿಲ್ಲ, ಅಬ್ಬರದ ಸದ್ದು ತಗ್ಗಿಸಿರುತ್ತಾರೆ, ನಡುವೆ ಎದ್ದು ಹೋಗಿ ಬರಬಹುದು. ಆಟಿಸಂ ಇರುವ ಮಕ್ಕಳು, ಪುಟ್ಟ ಮಕ್ಕಳು, ಮರೆವಿನ ಕಾಯಿಲೆಯ ಹಿರಿಯರು ಮನೆಯಲ್ಲಿದ್ದರೆ ಇದು ಅವರನ್ನು ಹೊರಗಿಡದೆ ಜೊತೆಗೊಯ್ಯುವ ದಾರಿ. ಊರಿಂದ ಬಂದ ತಂದೆತಾಯಿಯರಿಗೆ ಮಧ್ಯಾಹ್ನದ ಪ್ರದರ್ಶನ ಹಿತ. ರಾತ್ರಿಯ ಕೊನೆಯ ರೈಲಿನ ಚಿಂತೆ ಇರುವುದಿಲ್ಲ.

ಜಾಲತಾಣದಲ್ಲಿ ನಾಟಕದ ಪುಟದ ಕೊನೆಗೆ ಮುನ್ನೆಚ್ಚರಿಕೆಗಳ ಪಟ್ಟಿ ಇರುತ್ತದೆ: ಮಿಣುಕುವ ಬೆಳಕು, ಗುಂಡಿನ ಸದ್ದು, ರಂಗದ ಹೊಗೆ, ಹಿಂಸೆ, ನಗ್ನತೆ, ಆತ್ಮಹತ್ಯೆಯ ಪ್ರಸ್ತಾಪ. ತಪ್ಪದೆ ಓದಿ. ಮೂರ್ಛೆರೋಗ ಇರುವವರಿಗೆ ಮಿಣುಕು ಬೆಳಕು ಅಪಾಯ, ಉಬ್ಬಸದವರಿಗೆ ಹೊಗೆ ತೊಂದರೆ ಕೊಡಬಹುದು. ಇತ್ತೀಚೆಗೆ ಯಾರನ್ನೋ ಕಳೆದುಕೊಂಡವರಿಗೆ ಕಥೆಯ ತಿರುವನ್ನು ಸ್ವಲ್ಪ ಬಿಟ್ಟುಕೊಟ್ಟರೂ ಪರವಾಗಿಲ್ಲ. ಕತ್ತಲಲ್ಲಿ ಅವರು ಒಬ್ಬರೇ ನಲುಗುವುದಕ್ಕಿಂತ ಅದು ಮೇಲು.

ಕುರ್ಚಿ

ಭರತನ ನಾಟ್ಯಶಾಸ್ತ್ರ ಮನುಷ್ಯರಿಗೆ ತಕ್ಕ ನಾಟ್ಯಗೃಹದ ಅಳತೆಯನ್ನು 64 ಹಸ್ತ ಉದ್ದ, 32 ಹಸ್ತ ಅಗಲ ಎಂದು ಹೇಳಿ, ಅದರಲ್ಲಿ ಅರ್ಧವನ್ನು ಪ್ರೇಕ್ಷಕರಿಗೆ ಬಿಡುತ್ತದೆ. ಹಸ್ತಕ್ಕೆ ಒಂದೂವರೆ ಅಡಿ ಎಂದು ಹಿಡಿದರೆ ಕೊನೆಯ ಸಾಲಿನವನಿಗೂ ರಂಗ ಸುಮಾರು 48 ಅಡಿಯೊಳಗೆ. ಇದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದು, ಮುಖದ ಭಾವ ಕಾಣದು ಎಂಬುದು ಅಲ್ಲಿ ಕೊಟ್ಟ ಕಾರಣ. ಇಂದಿಗೂ ಇದೇ ಒಳ್ಳೆಯ ಅಳತೆಗೋಲು. ಹೊಸ ಭಾಷೆ ಕೇಳುವಾಗ ನಾವು ಕಿವಿಯಷ್ಟೇ ತುಟಿಯನ್ನೂ ಕಣ್ಣನ್ನೂ ನೆಚ್ಚಿಕೊಳ್ಳುತ್ತೇವೆ. ಆದ್ದರಿಂದ ದೊಡ್ಡ ಮಂದಿರದ ಮೇಲ್ಮಹಡಿಯ ಕುರ್ಚಿಗಿಂತ ನೂರೈವತ್ತು ಕುರ್ಚಿಗಳ ಪುಟ್ಟ ಮಂದಿರದ ಯಾವ ಕುರ್ಚಿಯಾದರೂ ಹೊಸಬರಿಗೆ ಹೆಚ್ಚು ಕೊಡುತ್ತದೆ.

ದೊಡ್ಡ ಮಂದಿರವೇ ಆದರೆ ನೆಲಮಟ್ಟದಲ್ಲಿ ಐದರಿಂದ ಹತ್ತನೇ ಸಾಲು, ನಡುಭಾಗ ನೋಡಿ. ಮೊದಲ ಸಾಲಿನಲ್ಲಿ ಕತ್ತು ನೋಯುತ್ತದೆ. ರಂಗ ಎತ್ತರವಿದ್ದರೆ ನಟರ ಪಾದ ಕಾಣುವುದಿಲ್ಲ. ಮಹಡಿಯ ಮೊದಲ ಸಾಲಿನಲ್ಲಿ ಕಟಾಂಜನದ ಕಂಬಿ ಕಣ್ಣಿಗೆ ಅಡ್ಡ ಬರಬಹುದು. ಮಹಡಿಯ ಕೆಳಗಿನ ಹಿಂಬದಿ ಸಾಲುಗಳಿಗೆ ರಂಗದ ಮೇಲ್ಭಾಗ ಕಾಣದು. 'ರೆಸ್ಟ್ರಿಕ್ಟೆಡ್ ವ್ಯೂ' ಎಂದಿದ್ದರೆ ಏನು ಮರೆಯಾಗುತ್ತದೆ ಎಂದು ಕೇಳಿಯೇ ಕೊಳ್ಳಿ. ಹೆಸರುಗಳೂ ನಾಡಿಗೊಂದು ಬಗೆ: ನೆಲಮಟ್ಟಕ್ಕೆ ಬ್ರಿಟನ್ನಿನಲ್ಲಿ ಸ್ಟಾಲ್ಸ್, ಅಮೆರಿಕದಲ್ಲಿ ಆರ್ಕೆಸ್ಟ್ರಾ, ಜರ್ಮನಿಯಲ್ಲಿ ಪಾರ್ಕೆಟ್. ನ್ಯೂಯಾರ್ಕಿನ ಬ್ರಾಡ್‌ವೇ ಮಂದಿರಗಳಲ್ಲಿ ಸಾಮಾನ್ಯವಾಗಿ ಬೆಸ ಸಂಖ್ಯೆಯ ಕುರ್ಚಿಗಳು ಒಂದು ಬದಿಗೆ, ಸಮ ಸಂಖ್ಯೆಯವು ಇನ್ನೊಂದು ಬದಿಗೆ, ನಡುವಿನವು 101ರಿಂದ ಶುರು. ಅಂದರೆ 1 ಮತ್ತು 3 ಅಕ್ಕಪಕ್ಕ. 1 ಮತ್ತು 2 ಮಂದಿರದ ಎರಡು ಬದಿಗಳಲ್ಲಿ. ಇದು ತಿಳಿಯದೆ ಕೊಂಡು ಜೋಡಿಗಳು ಬೇರೆಯಾಗುವುದುಂಟು.

ಆರು ಜನರಿಗೆ ಒಂದೇ ಸಾಲಿನ ಆರು ಕುರ್ಚಿ ಬೇಡ. ಮುಂದೆ ಮೂರು, ಅವರ ಬೆನ್ನಿಗೇ ಹಿಂದೆ ಮೂರು ತೆಗೆದುಕೊಳ್ಳಿ. ಸಾಲಿನ ತುದಿಯವರು ಒಂಟಿಯಾಗುವುದಿಲ್ಲ, ವಿರಾಮದಲ್ಲಿ ಮುಂದಿನವರು ತಿರುಗಿದರೆ ಸಾಕು. ಭಾಷೆ ಕಡಿಮೆ ಬರುವವರ ಪಕ್ಕದಲ್ಲಿ ನೀವೇ ಕೂರಿ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಕೊಳ್ಳುವವರು ಒಬ್ಬರೇ ಇರಲಿ, ಎಲ್ಲರ ಹಣ ಕೈಸೇರಿದ ಮೇಲೆ ಕೊಳ್ಳಲಿ. ನಾಟಕದ ಟಿಕೆಟ್ಟಿಗೆ ಹಣ ಮರಳುವುದು ಅಪರೂಪ. ದಿನ ಬದಲಿಸಿಕೊಡುವ ಮಂದಿರಗಳಲ್ಲೂ ಅದಕ್ಕೆ ಗಡುವಿರುತ್ತದೆ, ಕೊಳ್ಳುವ ಮುಂಚೆ ಓದಿಕೊಳ್ಳಿ. ಕೈ ಬಿಗಿಯಿರುವವರಿಗೆ ವಿದ್ಯಾರ್ಥಿ ರಿಯಾಯಿತಿ, ಅದೇ ದಿನ ಬೆಳಿಗ್ಗೆ ಬಿಡುವ ಟಿಕೆಟ್, ವಿಮರ್ಶಕರು ಬರುವ ಮೊದಲಿನ ಪ್ರಿವ್ಯೂ ಪ್ರದರ್ಶನ ಇವೆಲ್ಲ ದಾರಿಗಳು. ಪ್ರಿವ್ಯೂ ಸಮಯದಲ್ಲಿ ನಾಟಕವನ್ನು ಇನ್ನೂ ತಿದ್ದುತ್ತಿರುತ್ತಾರೆ, ಅಷ್ಟು ಗೊತ್ತಿರಲಿ.

ಎರಡು ದಿನ ಮುಂಚೆ

ನಾಟಕ ನಡೆಯುವಾಗ ಪಕ್ಕದವರಿಗೆ ಕನ್ನಡದಲ್ಲಿ ಪಿಸುಗುಟ್ಟಿ ಅರ್ಥ ಹೇಳುವುದು ನಮ್ಮವರಲ್ಲಿ ಪ್ರೀತಿಯಿಂದಲೇ ಆಗುವ ತಪ್ಪು. ಪಿಸುಮಾತು ಮುಂದಿನ ಎರಡು ಸಾಲಿಗೂ ಕೇಳುತ್ತದೆ. ಕೇಳಿಸಿಕೊಳ್ಳುವವರಿಗೂ ನಷ್ಟವೇ, ಏಕೆಂದರೆ ನೀವು ಹಿಂದಿನ ಮಾತಿನ ಅರ್ಥ ಹೇಳುವಷ್ಟರಲ್ಲಿ ಮುಂದಿನ ಮೂರು ಮಾತು ಹೋಗಿರುತ್ತವೆ. ಆ ಕೆಲಸ ಮೊದಲೇ ಮುಗಿಸಿ. ಅರ್ಧ ಪುಟದ ಟಿಪ್ಪಣಿ ಬರೆದು ಎಲ್ಲರಿಗೂ ಕಳಿಸಿ. ಅದರಲ್ಲಿರಬೇಕಾದ್ದು ಇಷ್ಟೇ: ಯಾವ ಕಾಲ, ಯಾವ ಜಾಗ, ಮುಖ್ಯ ಪಾತ್ರಗಳ ಹೆಸರು ಮತ್ತು ಯಾರಿಗೆ ಯಾರು ಏನಾಗಬೇಕು, ಮೊದಲ ಇಪ್ಪತ್ತು ನಿಮಿಷದಲ್ಲಿ ಏಳುವ ತೊಡಕು. ಅಲ್ಲಿಗೆ ನಿಲ್ಲಿಸಿ. ಕೊನೆಯನ್ನು ಹೇಳಿಬಿಟ್ಟರೆ ಒಟ್ಟಿಗೆ ಬೆಚ್ಚಿಬೀಳುವ ಆ ಒಂದು ಗಳಿಗೆಯನ್ನೇ ಕಿತ್ತುಕೊಂಡಂತೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಒಮ್ಮೆ ಜೋರಾಗಿ ಓದಿಕೊಳ್ಳಲು ಹೇಳಿ. ಪರಭಾಷೆಯ ಹೆಸರುಗಳು ಮೊದಲು ಎಲ್ಲವೂ ಒಂದೇ ಥರ ಕೇಳುತ್ತವೆ, ಗೊಂದಲದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಇನ್ನೊಂದು ಮಾತನ್ನೂ ಸೇರಿಸಿ: ಮೊದಲ ಹತ್ತು ಹದಿನೈದು ನಿಮಿಷ ಎಲ್ಲವೂ ಅರ್ಥವಾಗದಿದ್ದರೆ ಗಾಬರಿಯಾಗಬೇಡಿ, ಕಿವಿ ಪಳಗಲು ಅಷ್ಟು ಹೊತ್ತು ಬೇಕು.

ಟಿಕೆಟ್ಟುಗಳನ್ನು ಒಂದೇ ಫೋನಿನಲ್ಲಿ ಇಟ್ಟುಕೊಳ್ಳದೆ ಅವರವರಿಗೆ ಕಳಿಸಿಬಿಡಿ. ಸೇರುವ ಹೊತ್ತನ್ನು ಆರಂಭಕ್ಕೆ 40 ನಿಮಿಷ ಮುಂಚೆ ಎಂದು ತಿಳಿಸಿ. ದೀಪ ಆರಿದ ಮೇಲೆ ಬಂದವರನ್ನು ಹೆಚ್ಚಿನ ಕಡೆ ತಕ್ಕ ವಿರಾಮ ಸಿಗುವ ತನಕ ಹೊರಗೆ ನಿಲ್ಲಿಸುತ್ತಾರೆ; ವಿರಾಮವೇ ಇಲ್ಲದ ನಾಟಕವಾದರೆ ಒಳಗೆ ಬಿಡದೆಯೂ ಇರಬಹುದು. ಒಬ್ಬರು ತಡವಾದರೆಂದು ಐವರು ಬಾಗಿಲಲ್ಲಿ ಕಾಯಬಾರದು. 'ಆರಂಭಕ್ಕೆ ಹತ್ತು ನಿಮಿಷ ಇದ್ದಾಗ ನಾವು ಒಳಗೆ ಹೋಗುತ್ತೇವೆ' ಎಂದು ಮೊದಲೇ ಹೇಳಿದ್ದರೆ ಯಾರಿಗೂ ಬೇಸರವಿರುವುದಿಲ್ಲ.

ಆ ಸಂಜೆ

ಫೋನ್ ಸೈಲೆಂಟ್ ಮಾಡಿದರೆ ಸಾಲದು. ಅಲಾರಂ ಸೈಲೆಂಟಿನಲ್ಲೂ ಬಡಿದುಕೊಳ್ಳುತ್ತದೆ, ಕಂಪನದ ಗುಯ್‌ಗುಟ್ಟುವಿಕೆ ಸಾಲಿಡೀ ಕೇಳುತ್ತದೆ, ಕೈಗಡಿಯಾರದ ಪರದೆ ಕೈ ಎತ್ತಿದೊಡನೆ ಬೆಳಗುತ್ತದೆ. ಪೂರ್ತಿ ಆರಿಸಿ. ಫೋಟೋ, ವಿಡಿಯೋ ನಾಟಕದ ನಡುವೆ ಎಲ್ಲೂ ಸಲ್ಲ; ಕೊನೆಯ ವಂದನೆಯ ಹೊತ್ತಿಗೆ ಕೆಲವೆಡೆ ಬಿಡುತ್ತಾರೆ, ಸಿಬ್ಬಂದಿಯನ್ನು ಕೇಳಿ. ಚಪ್ಪಾಳೆ ಯಾವಾಗ ಎಂಬ ಅಳುಕಿದ್ದರೆ ಸಭೆಯ ಜೊತೆ ಹೋದರಾಯಿತು. ನಗು ಬಂದರೆ ಮಾತ್ರ ತಡೆಯಬೇಡಿ. ನಟರು ಅದಕ್ಕಾಗಿಯೇ ಕಿವಿಗೊಟ್ಟಿರುತ್ತಾರೆ.

ವಿರಾಮ 15ರಿಂದ 20 ನಿಮಿಷ. ಶೌಚಾಲಯದ ಸಾಲಿನಲ್ಲೇ ಅರ್ಧ ಕಳೆಯುತ್ತದೆ, ಹಿರಿಯರನ್ನು ಮೊದಲು ಕಳಿಸಿ. ಆಗ 'ಹೇಗಿದೆ?' ಎಂದು ಕೇಳಬೇಡಿ. ಅರ್ಧದಲ್ಲೇ 'ಚೆನ್ನಾಗಿಲ್ಲ' ಎಂದವರು ಉಳಿದರ್ಧವನ್ನು ಆ ಮಾತಿಗೆ ಕಟ್ಟುಬಿದ್ದು ನೋಡುತ್ತಾರೆ. 'ಎಲ್ಲಾದರೂ ದಾರಿ ತಪ್ಪಿತೇ?' ಎಂದು ಕೇಳಿ, ಗಂಟು ಬಿಡಿಸಿಕೊಡಿ.

ಹೊರಬಂದ ಮೇಲೆ

ಇಷ್ಟೆಲ್ಲ ಮಾಡುವುದು ಈ ಒಂದು ಗಂಟೆಗಾಗಿ. ಕೊನೆಯ ರೈಲಿನ ಸಮಯ ಮೊದಲೇ ನೋಡಿಡಿ. ಪ್ರಕಟಿಸಿದ ಅವಧಿಗೆ ವಂದನೆ, ಕೋಟು ಪಡೆಯುವ ಸಾಲು, ಬಾಗಿಲ ನೂಕುನುಗ್ಗಲು ಸೇರಿ ಇಪ್ಪತ್ತು ನಿಮಿಷ ಕೂಡಿಸಿಕೊಳ್ಳಿ. ಕೂತು ಮಾತಾಡಲು ಜಾಗ ಗೊತ್ತು ಮಾಡಿಲ್ಲದಿದ್ದರೆ ಕಾಲುದಾರಿಯಲ್ಲೇ ಎಲ್ಲರೂ ಚದುರುತ್ತಾರೆ.

ಮೊದಲ ಐದು ನಿಮಿಷ ಮೌನವಾಗಿ ನಡೆಯಲು ಬಿಡಿ. ಕೆಲವರು ಇನ್ನೂ ಒಳಗೇ ಇರುತ್ತಾರೆ. ಆಮೇಲೆ ಅಭಿಪ್ರಾಯ ಕೇಳುವ ಬದಲು ಕಂಡದ್ದನ್ನು ಕೇಳಿ: ಕಣ್ಣಲ್ಲಿ ಉಳಿದ ಒಂದು ಚಿತ್ರ ಯಾವುದು? ಯಾರ ಮೇಲೆ ಸಿಟ್ಟು ಬಂತು? ಎಲ್ಲಿ ಮನಸ್ಸು ಬೇರೆಡೆಗೆ ಹೋಯಿತು? 'ನನಗೆ ನಾಟಕ ಅರ್ಥವಾಗುವುದಿಲ್ಲ' ಎನ್ನುವವರೂ ಈ ಪ್ರಶ್ನೆಗಳಿಗೆ ಉತ್ತರಿಸಬಲ್ಲರು. ಹೆಚ್ಚು ಓದಿಕೊಂಡವರು ಕೊನೆಗೆ ಮಾತಾಡಲಿ. ಅವರು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಉಳಿದವರು ತಮಗನಿಸಿದ್ದನ್ನು ನುಂಗಿಕೊಳ್ಳುತ್ತಾರೆ. ಒಬ್ಬರು ಅತ್ತ ದೃಶ್ಯಕ್ಕೆ ಇನ್ನೊಬ್ಬರು ನಕ್ಕಿದ್ದರೆ ಅಲ್ಲಿ ನಿಲ್ಲಿ, ಒಮ್ಮತಕ್ಕೆ ತರಲು ಹೋಗಬೇಡಿ. ಆ ಒಂದು ದೃಶ್ಯದ ಮೂಲಕ ಇಬ್ಬರೂ ತಮ್ಮ ಮನೆಯ, ತಮ್ಮ ಬಾಳಿನ ಮಾತು ತೆಗೆಯುತ್ತಾರೆ. ವರ್ಷವಿಡೀ ಒಂದೇ ಕಚೇರಿಯಲ್ಲಿದ್ದವರ ನಡುವೆಯೂ ಬರದ ಮಾತು ಅದು. ಯಾರಾದರೂ ನಿದ್ದೆ ಹೋಗಿದ್ದರೆ ಆಡಿಕೊಳ್ಳದಿರಿ, ಹೊಸ ಭಾಷೆಯನ್ನು ಎರಡು ಗಂಟೆ ಕೇಳುವುದು ದಣಿವಿನ ಕೆಲಸ.

ಟಿಕೆಟ್ ಕೊಳ್ಳಲಾಗದ ತಿಂಗಳುಗಳಲ್ಲಿ ಮನೆಯಲ್ಲೇ ನಾಟಕ ಓದಬಹುದು. ಎಂಟು ಜನ, ಎಲ್ಲರ ಕೈಗೂ ಪ್ರತಿ, ರಂಗಸೂಚನೆ ಓದಲೆಂದೇ ಒಬ್ಬರು. ಪುಟಕ್ಕೆ ಒಂದೂವರೆ ನಿಮಿಷ ಎಂದು ಲೆಕ್ಕ ಹಾಕಿ, ಒಂದೂವರೆ ಗಂಟೆಯೊಳಗೆ ಮುಗಿಯುವುದನ್ನು ಆರಿಸಿ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಸದ್ದುಗಳ ಹೊಣೆ ಕೊಡಿ: ಬಾಗಿಲು, ಮಳೆ, ಗಡಿಯಾರ. ಸಭಾಂಗಣದಲ್ಲಿ ಆಡಲು ಹೊರಟರೆ ಮಾತ್ರ ನಾಟಕಕಾರರ ಅಥವಾ ಅವರ ವಾರಸುದಾರರ ಅನುಮತಿ ಬೇಕು. ಭಾರತದಲ್ಲಿ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಬ್ರಿಟನ್ನಿನಲ್ಲೂ ಯುರೋಪಿನ ಒಕ್ಕೂಟದಲ್ಲೂ 70 ವರ್ಷ ಇರುತ್ತದೆ. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳಿಗೆ ಈ ಎರಡೂ ಲೆಕ್ಕದಲ್ಲಿ ಅವಧಿ ದಾಟಿದೆ. ಇಂಗ್ಲಿಷ್ ಬೆರೆತ ಆ ಕನ್ನಡ ಹೊರನಾಡಿನಲ್ಲಿ ಬೆಳೆದ ಮಕ್ಕಳ ನಾಲಿಗೆಗೂ ಸುಲಭವಾಗಿ ಹೊರಳುತ್ತದೆ.

ಇನ್ನೂ ಹತ್ತಿರ ಹೋಗಬೇಕೆನಿಸಿದರೆ ಸ್ಥಳೀಯ ಹವ್ಯಾಸಿ ತಂಡಗಳಿಗೆ ಬಾಗಿಲು ಕಾಯಲು, ಟಿಕೆಟ್ ನೋಡಲು, ಸಾಮಾನು ಹೊರಲು ಸದಾ ಕೈಗಳು ಬೇಕು. ಕೆಲಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತು ನಾಟಕ ನೋಡಲು ಹಲವೆಡೆ ಬಿಡುತ್ತಾರೆ. ನಿಮ್ಮ ವೀಸಾದ ಷರತ್ತಿನಲ್ಲಿ ಸಂಬಳವಿಲ್ಲದ ಸೇವೆಗೆ ಅವಕಾಶವಿದೆಯೇ ಎಂದು ಒಪ್ಪಿಕೊಳ್ಳುವ ಮುಂಚೆ ಓದಿಕೊಳ್ಳಿ.

ಗುಂಪು ಚದುರುವ ಮುಂಚೆ ಮುಂದಿನ ನಾಟಕದ ದಿನ ಗೊತ್ತುಮಾಡಿ, ಆರರಿಂದ ಎಂಟು ವಾರದೊಳಗೆ. ಆ ಸಲದ ಆಯ್ಕೆಯನ್ನು ಈ ಸಂಜೆ ಎಲ್ಲರಿಗಿಂತ ಕಡಿಮೆ ಮಾತಾಡಿದವರಿಗೆ ಬಿಡಿ.