ಹಿತ್ತಲ ಹಕ್ಕಿಗೆ ಮೊದಲು ನೀರು, ಆಮೇಲೆ ಕಾಳು

ಹಕ್ಕಿಗಳಿಗೆ ಏನು ಹಾಕಬೇಕು ಎಂದು ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟೇ, ಮೊದಲು ನೀರಿಡಿ. ಮಾರ್ಚ್ ಬಂತೆಂದರೆ ನಮ್ಮ ತುಮಕೂರಿನ ಬಿಸಿಲಿಗೆ ಸೀಬೆಗಿಡದ ಎಲೆಯೂ ಬಾಡುತ್ತದೆ. ಆಗ ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿ ಎಲ್ಲವೂ ನೀರು ಹುಡುಕಿಕೊಂಡೇ ಹಿತ್ತಲಿಗೆ ಬರುವುದು.

ಹೂಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ ಸಾಕು. ಸ್ಟೀಲಿನದು ಕಾಯುತ್ತದೆ, ಕಾಲೂ ಜಾರುತ್ತದೆ. ನೀರು ಒಂದೆರಡು ಅಂಗುಲಕ್ಕಿಂತ ಆಳ ಬೇಡ. ನಡುವೆ ಒಂದು ಒರಟು ಕಲ್ಲಿಟ್ಟರೆ ಸಣ್ಣ ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತದೆ. ನೆರಳಿರಲಿ, ಆದರೆ ಪೊದೆಯಿಂದ ಏಳೆಂಟು ಅಡಿ ದೂರವಿರಲಿ; ಬೆಕ್ಕು ಹೊಂಚು ಹಾಕುವುದೇ ಪೊದೆಯಲ್ಲಿ. ಕುಡಿಯುವ ನೀರಿನಲ್ಲೇ ಹಕ್ಕಿಗಳು ಮೀಯುತ್ತವೆ, ಹಿಕ್ಕೆಯನ್ನೂ ಹಾಕುತ್ತವೆ. ಸಾಲ್ಮೊನೆಲ್ಲಾದಂಥ ರೋಗಾಣು ಒಂದರಿಂದ ಇನ್ನೊಂದಕ್ಕೆ ದಾಟುವುದು ಹೀಗೆಯೇ. ಆದ್ದರಿಂದ ದಿನಾ ಬೆಳಿಗ್ಗೆ ಹಳೇ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಟ್ಟೆ ಉಜ್ಜಿ, ಹೊಸ ನೀರು ತುಂಬಿ. ಸೊಳ್ಳೆಯ ಕಾಟವೂ ಇರದು. ಆ ನಾರು ಅಡುಗೆಮನೆಗೆ ಬರಬಾರದು. ತೊಳೆದ ಮೇಲೆ ಕೈಗೆ ಸೋಪು ಹಾಕಿಕೊಳ್ಳಿ.

ಕಾಳಿನ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಗುಬ್ಬಚ್ಚಿಗೂ ರಾಟವಾಳಕ್ಕೂ ನವಣೆ, ಸಜ್ಜೆ ಅಥವಾ ನುಚ್ಚಕ್ಕಿ ಒಂದು ಹಿಡಿ ಸಾಕು. ಸೇರುಗಟ್ಟಲೆ ಎರಚಿದರೆ ಪಾರಿವಾಳಗಳು ಠಿಕಾಣಿ ಹೂಡಿ ಸಣ್ಣ ಹಕ್ಕಿಗಳನ್ನು ಹತ್ತಿರ ಬಿಡುವುದಿಲ್ಲ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳು ನಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು. ಮಿಕ್ಕ ಕಾಳನ್ನು ಕತ್ತಲಾಗುವ ಮುಂಚೆ ಗುಡಿಸಿಬಿಡಿ, ಇಲ್ಲದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಇಲಿಗೆ ಪಾಷಾಣ ಮಾತ್ರ ಇಡಬೇಡಿ. ಆ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು.

ಮಿಕ್ಕ ಚಿತ್ರಾನ್ನ, ಖಾರಾ ಮಿಕ್ಸ್‌ಚರ್, ಚಿಪ್ಸ್ ಖಂಡಿತ ಬೇಡ, ಅಷ್ಟು ಉಪ್ಪು ಹಕ್ಕಿಯ ದೇಹ ತಾಳದು. ಬ್ರೆಡ್ಡು ಹೊಟ್ಟೆ ತುಂಬಿಸುತ್ತದೆಯೇ ಹೊರತು ಪುಷ್ಟಿ ಕೊಡುವುದಿಲ್ಲ. ಬೂಷ್ಟು ಹಿಡಿದ ಕಡಲೇಕಾಯಿ ವಿಷವೇ ಸರಿ, ಅದರಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು. ಕಳಿತ ಬಾಳೆಹಣ್ಣು, ಪರಂಗಿ ಹೋಳು ಇಟ್ಟರೆ ಕುಟ್ರಹಕ್ಕಿ ಬರಬಹುದು, ಸಂಜೆಗೆ ತೆಗೆದುಬಿಡಿ.

ನನ್ನನ್ನು ಕೇಳಿದರೆ ಗಿಡ ನೆಡುವುದೇ ಎಲ್ಲಕ್ಕಿಂತ ಒಳ್ಳೆಯ ಊಟ. ಸೂರಕ್ಕಿಗೆ ಸಕ್ಕರೆ ನೀರು ಯಾಕೆ, ದಾಸವಾಳ ಇರುವಾಗ? ಕರಿಬೇವನ್ನು ಪೂರ್ತಿ ಸವರದೆ ಹಣ್ಣಾಗಲು ಬಿಡಿ, ಕೋಗಿಲೆ, ಪಿಕಳಾರ ಎರಡೂ ತಿನ್ನುತ್ತವೆ. ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗೆ ಗುಟುಕು ಕೊಡುವುದು ಹುಳುವನ್ನೇ.

ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿ, ತಟ್ಟೆಗಳನ್ನು ತೊಳೆದು ಬಿಸಿಲಿಗಿಡಿ. ಒಂದಕ್ಕಿಂತ ಹೆಚ್ಚು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.