ಥ್ರೆಡ್ ಲೈಬ್ರರಿ ಆರಿಸುವುದು ಹೇಗೆ? ಮೊದಲು ಬೈನರಿಯೊಳಗೆ ಇಣುಕಿ

ಸಿ ಪ್ಲಸ್ ಪ್ಲಸ್ ಪ್ರೋಗ್ರಾಮ್ ನಿಧಾನವಾಗಿದೆ, ಯಂತ್ರದ ಎಂಟು ಕೋರ್‌ಗಳಲ್ಲಿ ಏಳು ಸುಮ್ಮನೆ ಕೂತಿವೆ. ಯಾರೋ ಹೇಳಿದ, ಕೆಲಸವನ್ನು ಒಟ್ಟಿಗೆ ಓಡುವ ಎಳೆಗಳಾಗಿ (ಥ್ರೆಡ್) ಸೀಳಿ ಕೋರ್‌ಗಳಿಗೆ ಹಂಚುವ ಥ್ರೆಡ್ ಲೈಬ್ರರಿಯನ್ನು ತಂದು ಸೇರಿಸುತ್ತಾರೆ, ವೇಗ ಅಳೆದು ಖುಷಿಪಡುತ್ತಾರೆ, ಗ್ರಾಹಕರಿಗೆ ಕಳಿಸುವ ವಾರದಲ್ಲಿ ಲೈಸೆನ್ಸ್ ಓದಲು ಕೂರುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ. ನಾನಿದ್ದ ಒಂದು ತಂಡ ಹೀಗೆಯೇ ಬಿಡುಗಡೆಯನ್ನು ಮುಂದೂಡಬೇಕಾಯಿತು. ಆಗ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಹಂತ 1: ಒಂದೇ ಥ್ರೆಡ್‌ನಲ್ಲಿ ಅಳೆಯಿರಿ. ಕೆಲಸದ ಶೇ 10ರಷ್ಟು ಭಾಗವನ್ನು ಹಂಚಲು ಬರದಿದ್ದರೆ, 16 ಕೋರ್ ಕೊಟ್ಟರೂ ವೇಗ 6.4 ಪಟ್ಟು ದಾಟದು. ಆ ಶೇ 10 ಎಲ್ಲಿದೆ ಎಂದು ತಿಳಿಯದೆ ಮುಂದೆ ಹೋಗಬೇಡಿ.

ಹಂತ 2: ಪ್ರೋಗ್ರಾಮ್ ಯಾರ ಕೈಗೆ ಹೋಗುತ್ತದೆ ಎಂದು ಬರೆದಿಡಿ. ನಿಮ್ಮದೇ ಸರ್ವರ್‌ನಲ್ಲಿ ಓಡುವುದಾದರೆ ಜಿಪಿಎಲ್‌ನ, ಅಂದರೆ ಪ್ರೋಗ್ರಾಮ್ ಹಂಚಿದರೆ ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ ಲೈಸೆನ್ಸ್‌ನ, ಹಂಚಿಕೆಯ ಷರತ್ತುಗಳು ಬಾಧಿಸುವುದಿಲ್ಲ. ಬೈನರಿ, ಅಂದರೆ ಕಂಪೈಲ್ ಆದ ಪ್ರೋಗ್ರಾಮ್, ಹೊರಗೆ ಹೋಗುವುದಾದರೆ ಬಾಧಿಸುತ್ತವೆ.

ಹಂತ 3: ಆರಿಸಿ. ದೊಡ್ಡ ಅರೇ ಮೇಲೆ ಒಂದೇ ತೂಕದ ಲೂಪ್ ಇದ್ದರೆ ಓಪನ್‌ಎಂಪಿ, ಅಂದರೆ ಕೋಡ್‌ನಲ್ಲಿ ಸೂಚನೆ ಬರೆದರೆ ಕಂಪೈಲರೇ ಲೂಪ್ ಹಂಚುವ ವ್ಯವಸ್ಥೆ. ಕೆಲಸಗಳು ಒಂದರೊಳಗೊಂದು ಹುಟ್ಟುತ್ತ, ಒಂದು ಚಿಕ್ಕದು ಇನ್ನೊಂದು ದೊಡ್ಡದು ಆಗುವುದಿದ್ದರೆ ಒನ್‌ಟಿಬಿಬಿ, ಅಂದರೆ ಹಿಂದೆ ಟಿಬಿಬಿ ಎನ್ನುತ್ತಿದ್ದ ಲೈಬ್ರರಿ. ಕೆಲಸ ಮುಗಿಸಿದ ಥ್ರೆಡ್ ಪಕ್ಕದವರ ಸಾಲಿನಿಂದ ಕೆಲಸ ಎತ್ತಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಬಹಳ ಹೊತ್ತು ಓಡುವ ನಾಲ್ಕೈದು ಥ್ರೆಡ್ ಸಾಕೆನ್ನುವವರಿಗೆ ಭಾಷೆಯಲ್ಲೇ ಇರುವ ಥ್ರೆಡ್ ಸಾಕು. ನೀವೇ ಥ್ರೆಡ್ ಪೂಲ್ (ಮೊದಲೇ ಹುಟ್ಟಿಸಿಟ್ಟ ಥ್ರೆಡ್‌ಗಳ ಗುಂಪು) ಬರೆಯಲು ಹೋಗಬೇಡಿ. ಹಳೆಯ ಪಾಠಗಳನ್ನು ನೋಡಿ ಸಿಲ್ಕ್ ಪ್ಲಸ್ ಎಂಬ ಥ್ರೆಡ್ ವಿಸ್ತರಣೆಯ ಕಡೆಗೂ ಹೋಗಬೇಡಿ, ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿಯಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಹಂತ 4: ಬೈನರಿಯೊಳಗೆ ನಿಜವಾಗಿ ಏನಿದೆ ನೋಡಿ. ಬಹುತೇಕರು ಎಡವುವುದು ಇಲ್ಲಿ. ಆರಿಸಿದ್ದು ಒಂದು, ಒಳಗೆ ಸೇರಿಕೊಂಡದ್ದು ಮೂರು ಎಂಬುದು ಸಾಮಾನ್ಯ.

ಲಿನಕ್ಸ್‌ನಲ್ಲಿ ಎಲ್‌ಡಿಡಿ ಎಂಬ ಆಜ್ಞೆ ಓಡಿಸಿದರೆ ಬೈನರಿ ಬೇಡುವ ಲೈಬ್ರರಿಗಳ ಪಟ್ಟಿ ಬರುತ್ತದೆ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಪ್ಲಗಿನ್‌ಗಳು ಓಡುವಾಗ ಎಳೆದುಕೊಳ್ಳುವ ಲೈಬ್ರರಿಗಳು ಅದರಲ್ಲಿ ಕಾಣುವುದಿಲ್ಲ. ಪ್ರೋಗ್ರಾಮನ್ನು ಪೂರ್ತಿ ಕೆಲಸಕ್ಕೆ ಹಚ್ಚಿ, ಅದು ಓಡುತ್ತಿರುವಾಗಲೇ ಪ್ರಾಕ್ ಕಡತಕೋಶದಲ್ಲಿ ಆ ಪ್ರಾಸೆಸ್‌ನ ಮ್ಯಾಪ್ಸ್ ಕಡತ ತೆರೆದು ನೋಡಿ. ಸ್ಟ್ಯಾಟಿಕ್ ಆಗಿ, ಅಂದರೆ ಬೈನರಿಯೊಳಗೇ ನಕಲಾಗಿ, ಬೆಸೆದದ್ದು ಎರಡರಲ್ಲೂ ಸಿಗದು. ಅದಕ್ಕೆ, ತುಣುಕುಗಳನ್ನು ಬೆಸೆಯುವ ಲಿಂಕರ್‌ನಿಂದ ಮ್ಯಾಪ್ ಕಡತ ಬರೆಸಬೇಕು. ಮೂರನ್ನೂ ಸೇರಿಸಿದರೆ ನಿಮ್ಮ ನಿಜವಾದ ಪಟ್ಟಿ.

ಈಗ ಒಂದೊಂದೇ ಹೆಸರಿನ ಎದುರು ಲೈಸೆನ್ಸ್ ಬರೆಯಿರಿ. ಜಿಸಿಸಿಯ ಓಪನ್‌ಎಂಪಿ ರನ್‌ಟೈಮ್, ಅಂದರೆ ಓಡುವಾಗ ಬೇಕಾಗುವ ಲೈಬ್ರರಿ, ಲಿಬ್‌ಗಾಂಪ್. ಅದು ಜಿಪಿಎಲ್ 3 ಎಂದು ಕಂಡೊಡನೆ ಗಾಬರಿಯಾಗಿ ಇಡೀ ಕೋಡ್ ಬದಲಿಸಿದವರನ್ನು ನೋಡಿದ್ದೇನೆ. ಬೇಕಿರಲಿಲ್ಲ. ಅದರ ಜೊತೆಗೆ ರನ್‌ಟೈಮ್ ಲೈಬ್ರರಿ ವಿನಾಯಿತಿ ಇದೆ. ಮಾಮೂಲಿಯಾಗಿ ಜಿಸಿಸಿಯಿಂದ ಕಂಪೈಲ್ ಮಾಡಿದ ಮುಚ್ಚಿದ ಸಾಫ್ಟ್‌ವೇರ್‌ ಅನ್ನೂ ಹಂಚಬಹುದು. ಇನ್ನೊಂದು ಕಂಪೈಲರ್ ಕ್ಲಾಂಗ್ ಬಳಸುವ, ಎಲ್‌ಎಲ್‌ವಿಎಂ ಯೋಜನೆಯ ಲಿಬ್‌ಓಂಪ್‌ನದು ಸೋರ್ಸ್ ಕೊಡಲೇಬೇಕೆನ್ನದ ಅಪಾಚೆ 2.0 ಲೈಸೆನ್ಸ್, ಅದಕ್ಕೂ ತನ್ನದೇ ವಿನಾಯಿತಿ ಇದೆ. ಟಿಬಿಬಿ 2007ರಲ್ಲಿ ಜಿಪಿಎಲ್ 2 ಮತ್ತು ವಿನಾಯಿತಿಯೊಂದಿಗೆ ತೆರೆದುಕೊಂಡಿತು, 2016ರಿಂದ ಅಪಾಚೆ 2.0. ಹಳೆಯ ಬರಹ ನೋಡಿ ಇವತ್ತಿನ ತೀರ್ಮಾನ ಮಾಡಬೇಡಿ. ಒಂದು ಎಚ್ಚರಿಕೆ: ನಿಮ್ಮ ಪ್ರೋಗ್ರಾಮ್ ಜಿಪಿಎಲ್ 2 ಮಾತ್ರ ಎಂದಿದ್ದರೆ, ಅಪಾಚೆ 2.0 ಅದಕ್ಕೆ ಹೊಂದುವುದಿಲ್ಲ ಎನ್ನುವುದು ಫ್ರೀ ಸಾಫ್ಟ್‌ವೇರ್ ಫೌಂಡೇಷನ್‌ನ ನಿಲುವು. ಜಿಪಿಎಲ್ 3ಕ್ಕೆ ಆ ತೊಂದರೆಯಿಲ್ಲ.

ಪಟ್ಟಿಯನ್ನು ಎತ್ತಿಡಬೇಡಿ, ವೇಗದ ಗುಟ್ಟೂ ಅದರಲ್ಲೇ ಇದೆ. ನಿಮ್ಮ ಕೋಡ್ ಜಿಸಿಸಿಯಲ್ಲಿ ಬಿಲ್ಡ್ ಆಗಿದೆ, ಹೊರಗಿನಿಂದ ತಂದ ಗಣಿತದ ಲೈಬ್ರರಿ ಕ್ಲಾಂಗ್‌ನಲ್ಲಿ ಆಗಿದೆ ಎಂದುಕೊಳ್ಳಿ. ಆಗ ಲಿಬ್‌ಗಾಂಪ್, ಲಿಬ್‌ಓಂಪ್ ಎರಡೂ ಒಂದೇ ಪ್ರಾಸೆಸ್‌ನಲ್ಲಿ ಕೂರುತ್ತವೆ. ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ, ಎಂಟು ಕೋರ್‌ಗೆ ತಲಾ ಎಂಟರಂತೆ ಹದಿನಾರು ಥ್ರೆಡ್ ಹುಟ್ಟುತ್ತವೆ. ಲಿಬ್‌ಓಂಪ್‌ನ ಥ್ರೆಡ್‌ಗಳು ಕೆಲಸ ಮುಗಿದ ಮೇಲೂ 200 ಮಿಲಿಸೆಕೆಂಡ್ ಕೋರ್ ಬಿಡದೆ ಸುತ್ತುತ್ತಲೇ ಕಾಯುವುದು ಅದರ ಮೂಲ ಹೊಂದಿಕೆ. ಅಷ್ಟರಲ್ಲಿ ನಿಮ್ಮ ಲೂಪ್ ಶುರುವಾದರೆ ಕೋರ್ ಖಾಲಿಯೇ ಇರುವುದಿಲ್ಲ. ಎಂಟು ಥ್ರೆಡ್‌ಗಿಂತ ನಾಲ್ಕು ಥ್ರೆಡ್‌ನಲ್ಲೇ ವೇಗ ಹೆಚ್ಚು ಬಂದರೆ ಮೊದಲು ಇದನ್ನೇ ಅನುಮಾನಿಸಿ. ಪರಿಹಾರ ಸುಲಭ: ಜಿಸಿಸಿ ಬಯಸುವ ಕರೆಗಳನ್ನೂ ಲಿಬ್‌ಓಂಪ್ ನಿಭಾಯಿಸುತ್ತದೆ, ಎಲ್ಲವನ್ನೂ ಅದಕ್ಕೇ ಲಿಂಕ್ ಮಾಡಿ.

ಲಿಬ್‌ಓಂಪ್‌ನ ಎರಡು ಪ್ರತಿಗಳು ಸೇರಿಕೊಂಡರೆ ಅದು ಎರರ್ 15 ಎಂದು ಹೇಳಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಎರಡು ಪ್ರತಿ ಇದ್ದರೂ ಪರವಾಗಿಲ್ಲ ಎನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದು ಆ ಸಂದೇಶದಲ್ಲೇ ಇರುತ್ತದೆ, ಜನ ಅದನ್ನೇ ನಕಲು ಮಾಡಿ ಅಂಟಿಸುತ್ತಾರೆ. ದಯವಿಟ್ಟು ಬೇಡ. ಲೆಕ್ಕ ಸದ್ದಿಲ್ಲದೆ ತಪ್ಪಬಹುದು ಎಂದು ಅದೇ ಸಂದೇಶವೇ ಎಚ್ಚರಿಸುತ್ತದೆ. ಒಂದು ಪ್ರತಿಯನ್ನು ಕಿತ್ತುಹಾಕುವುದೊಂದೇ ದಾರಿ.

ಹಂತ 5: ಸ್ಟ್ಯಾಟಿಕ್ ಬೇಕೇ ಎಂದು ಎರಡು ಸಲ ಯೋಚಿಸಿ. ಒಂದೇ ಕಡತ ಕೊಟ್ಟರೆ ಸಾಕು ಎಂಬ ಆಸೆ ಎಲ್ಲರಿಗೂ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ ಜಿಲಿಬ್‌ಸಿಯದು ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ 2.1; ಅದನ್ನು ಸ್ಟ್ಯಾಟಿಕ್ ಆಗಿ ಬೆಸೆದರೆ, ಬಳಕೆದಾರರು ಮತ್ತೆ ಲಿಂಕ್ ಮಾಡಿಕೊಳ್ಳಲು ನಿಮ್ಮ ಆಬ್ಜೆಕ್ಟ್ ಕಡತಗಳನ್ನಾದರೂ (ಕಂಪೈಲ್ ಆದರೂ ಇನ್ನೂ ಬೆಸೆಯದ ತುಣುಕುಗಳು) ಕೊಡಬೇಕು. ಇದನ್ನು ತಪ್ಪಿಸಲು ಎಂಐಟಿ ಲೈಸೆನ್ಸ್‌ನ ಮಸಲ್‌ಗೆ, ಅಂದರೆ ಆಲ್ಪೈನ್ ಲಿನಕ್ಸ್‌ನ ಸಿ ಲೈಬ್ರರಿಗೆ ಹೋಗುತ್ತಾರೆ. ಲೈಸೆನ್ಸ್ ಹಗುರವಾಗುತ್ತದೆ, ಪ್ರೋಗ್ರಾಮ್ ಭಾರವಾಗುತ್ತದೆ. ಮಸಲ್‌ನಲ್ಲಿ ಮೆಮೊರಿ ಹಂಚುವ ಮ್ಯಾಲಕ್‌ನಲ್ಲಿ ಎಲ್ಲ ಥ್ರೆಡ್‌ಗಳೂ ಒಂದೇ ಬೀಗಕ್ಕೆ ಸಾಲು ನಿಲ್ಲುತ್ತವೆ. ಮೆಮೊರಿ ಪದೇ ಪದೇ ಕೇಳುವ ಕೋಡ್ ಅಲ್ಲಿ ಸೊರಗುತ್ತದೆ. ಎಂಐಟಿ ಲೈಸೆನ್ಸ್‌ನದೇ ಆದ ಮಿಮ್ಯಾಲಕ್ ಎಂಬ ಬದಲಿ ಮ್ಯಾಲಕ್ ಸೇರಿಸಿದರೆ ಚೇತರಿಸಿಕೊಳ್ಳುತ್ತದೆ. ಜೊತೆಗೆ ಮಸಲ್ ಪ್ರತಿ ಥ್ರೆಡ್‌ಗೆ ಕೊಡುವ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ) 128 ಕೆಬಿ. ಜಿಲಿಬ್‌ಸಿಯಲ್ಲಿ ಸಾಮಾನ್ಯವಾಗಿ 8 ಎಂಬಿ. ಆಳವಾದ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಇದ್ದರೆ ನಿನ್ನೆಯವರೆಗೆ ಓಡುತ್ತಿದ್ದದ್ದು ಇವತ್ತು ಸದ್ದಿಲ್ಲದೆ ಸಾಯುತ್ತದೆ, ಆದ್ದರಿಂದ ಸ್ಟ್ಯಾಕ್ ಗಾತ್ರವನ್ನು ನೀವೇ ಹೇಳಿ. ಟಿಬಿಬಿಯನ್ನಂತೂ ಸ್ಟ್ಯಾಟಿಕ್ ಮಾಡಲೇಬೇಡಿ: ಎರಡು ಲೈಬ್ರರಿಗಳೊಳಗೆ ಕೆಲಸ ಹಂಚುವ ಎರಡು ಶೆಡ್ಯೂಲರ್ ಹುಟ್ಟಿಕೊಂಡರೆ ನಾಲ್ಕನೇ ಹಂತದ ಕಥೆಯೇ ಮತ್ತೆ.

ಹಂತ 6: ಎಲ್ಲ ಲೈಸೆನ್ಸ್ ಪಠ್ಯಗಳನ್ನು ಒಂದು ಕೋಶದಲ್ಲಿಟ್ಟು ಬೈನರಿಯ ಜೊತೆ ಕಳಿಸಿ.

ಹಂತ 7: ನಾಲ್ಕನೇ ಹಂತದ ಪಟ್ಟಿಯನ್ನು ಸೋರ್ಸ್ ಕೋಡ್ ಜೊತೆಗೇ ಇಟ್ಟು, ಪ್ರತಿ ಬಿಲ್ಡ್‌ನಲ್ಲೂ ಹೊಸ ಪಟ್ಟಿಯೊಂದಿಗೆ ಹೋಲಿಸುವ ಸ್ಕ್ರಿಪ್ಟ್ ಬರೆಯಿರಿ. ಹತ್ತು ಸಾಲು ಸಾಕು. ಹೊಸ ಹೆಸರು ಕಂಡ ಕೂಡಲೇ ಬಿಲ್ಡ್ ನಿಲ್ಲಲಿ, ಯಾರು ತಂದರು, ಏಕೆ ತಂದರು ಎಂದು ಅಲ್ಲೇ ಕೇಳಿ.