ಹಾಸ್ಟೆಲಿನ ಮಳೆಗಾಲ: ವಾರ್ಡನ್ ಆಗಿ ನನ್ನ ಅನುಭವ

ಕೊಡಗಿನ ಸಣ್ಣದೊಂದು ವಸತಿ ಶಾಲೆಯಲ್ಲಿ ನಾನು ವಾರ್ಡನ್. ಇರುವವರೆಲ್ಲ ಐದನೇ ತರಗತಿಯ ಹುಡುಗರು; ಕೂಡಿಗೆಯಲ್ಲಿ 2007ರಲ್ಲಿ ಆರಂಭವಾದ ಸೈನಿಕ ಶಾಲೆಗೆ ಆರನೇ ತರಗತಿಯ ಪ್ರವೇಶ ಪರೀಕ್ಷೆ ಬರೆಯಲು ತಯಾರಾಗುವವರು. ಆ ಪರೀಕ್ಷೆಯ 300 ಅಂಕಗಳಲ್ಲಿ 150 ಗಣಿತಕ್ಕೇ ಹೋಗುವುದರಿಂದ ಪೋಷಕರು ವಿಚಾರಿಸುವುದೆಲ್ಲ ಲೆಕ್ಕದ ಮೇಷ್ಟರನ್ನು. ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಕೆಲಸವೆಂದರೆ ಮುಖ್ಯವಾಗಿ ಅದೇ. ಒದ್ದೆ ಕಾಲುಚೀಲ ತೊಟ್ಟ ಹುಡುಗ ಭಿನ್ನರಾಶಿ ಕಲಿಯುವುದಿಲ್ಲ, ಮನೆಯನ್ನು ನೆನೆಸಿಕೊಳ್ಳುತ್ತಾನೆ. ನಮ್ಮಲ್ಲಿ ಸ್ನಾನದ ನೀರು ಕಾಯಿಸುವ ಹಂಡೆ ಒಲೆಯ ಕೋಣೆಯ ಉದ್ದಕ್ಕೂ ಹಗ್ಗ ಕಟ್ಟಿಸಿದ್ದೇನೆ. ದಪ್ಪ ಬಟ್ಟೆ ಒಲೆಯ ಹತ್ತಿರ, ತೆಳುವಾದದ್ದು ಬಾಗಿಲ ಕಡೆ. ಹೊಗೆಯ ವಾಸನೆ ಅಂಟಿಕೊಳ್ಳುತ್ತದೆ, ಅಂಟಲಿ. ಪ್ರತಿ ಹುಡುಗನ ಬಟ್ಟೆಗೂ ಒಂದೊಂದು ಬಣ್ಣದ ದಾರದ ಹೊಲಿಗೆ. ಶಾಯಿಯಲ್ಲಿ ಬರೆದ ಹೆಸರು ನಮ್ಮ ಮಳೆಗಾಲವನ್ನು ದಾಟುವುದಿಲ್ಲ.

ಬಟ್ಟೆ ತಿರುವಿ ಹಾಕುವ ಸರದಿಯನ್ನು ಬೇಕೆಂದೇ ಮುಸ್ಸಂಜೆಗೆ ಇಟ್ಟಿದ್ದೇನೆ. ಹೊಸ ಮಕ್ಕಳಿಗೆ ಹೊಟ್ಟೆನೋವು ಶುರುವಾಗುವುದು ಆ ಹೊತ್ತಿಗೇ. "ಸರ್, ಅಮ್ಮನಿಗೆ ಫೋನ್ ಮಾಡಿ" ಎಂದರೆ "ಕಾಲುಚೀಲ ತಿರುವಿ ಹಾಕಿ ಬಾ, ಆಮೇಲೆ ನೋಡೋಣ" ಎನ್ನುತ್ತೇನೆ. ಬೆಚ್ಚಗಿನ ಕೋಣೆ, ಜೊತೆಗೆ ನಾಲ್ಕು ಹುಡುಗರು. ಹೆಚ್ಚಿನವರು ಮರಳಿ ಬರುವುದೇ ಇಲ್ಲ. ಬಂದು ಮತ್ತೆ ಕೇಳಿದವನಿಗೆ ಮಾತ್ರ ಫೋನ್ ಕೊಡುತ್ತೇನೆ, ಅವನಿಗೆ ಅದು ನಿಜಕ್ಕೂ ಬೇಕಾಗಿರುತ್ತದೆ. ಉಳಿದವರಿಗೆ ಭಾನುವಾರ ಊಟಕ್ಕೆ ಮುಂಚೆ. ರಾತ್ರಿ ಫೋನ್ ಕೊಟ್ಟರೆ ಒಬ್ಬನ ಅಳು ಇಡೀ ಕೋಣೆಗೆ ಹಬ್ಬುತ್ತದೆ.

ಹಾಕಿ ಮೈದಾನದ ಜಿಗಣೆಗಳಿಗೆ ಉಪ್ಪಿನ ಡಬ್ಬಿ ಸಾಕು. ಒಂದೆರಡು ವಾರದಲ್ಲಿ ಯಾರಿಗೆ ಎಷ್ಟು ಕಚ್ಚಿತು ಎಂಬುದೇ ಪೈಪೋಟಿಯಾಗುತ್ತದೆ.

ಆಗಸ್ಟ್ ಮೊದಲ ವಾರ, ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಮದ್ದು ಸೊಪ್ಪಿನ ಪಾಯಸ. ಸೊಪ್ಪಿನ ರಸಕ್ಕೆ ಗಾಢ ನೇರಳೆ ಬಣ್ಣ. ಕುಡಿದವರ ಮೂತ್ರವೂ ಕೆಂಪಾಗುತ್ತದೆ. ಕೊಡಗಿನ ಹುಡುಗರಿಗೆ ಇದು ಗೊತ್ತು. ಬಯಲುಸೀಮೆಯಿಂದ ಬಂದವರಿಗೆ ನಾನು ಮೊದಲೇ ಹೇಳಿರುತ್ತೇನೆ, ಆದರೂ ಶೌಚಾಲಯದಿಂದ ಒಂದು ಕಿರುಚಾಟ ಕೇಳಿಯೇ ಕೇಳುತ್ತದೆ. ಆ ಭಾನುವಾರದ ಫೋನ್‌ನಲ್ಲಿ ಯಾರೂ ಮನೆಗೆ ಕರೆದುಕೊಂಡು ಹೋಗಿ ಎಂದು ಅಳುವುದಿಲ್ಲ. ಮೂತ್ರದ ಬಣ್ಣದ ವರದಿ ಮುಗಿದ ಮೇಲೆ, ಗಾಬರಿಯಾದ ತಾಯಂದಿರಿಗೆ ಪಾಯಸದ ವಿಷಯ ವಿವರಿಸುವುದು ನನ್ನ ಪಾಲಿಗೆ ಬರುತ್ತದೆ.